ಚಕ್ರದ ಹಿಂದಿನ ಕಲ್ಲು

ಮಧ್ಯಾಹ್ನ ಹಿಡಿದ ಮಳೆ ಸಂಜೆ ಐದೂವರೆಯಾದರೂ ಬಿಟ್ಟಿರಲಿಲ್ಲ. ಏರುದಾರಿಯ ನೆತ್ತಿಯ ಮೇಲಿದ್ದ ಆ ಗ್ಯಾರೇಜಿಗೆ ತಗಡಿನ ಸೂರು, ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ರಸ್ತೆಗೆ ತೆರೆದುಕೊಂಡಿತ್ತು. ಒಳಗೆ ಗ್ರೀಸಿನ, ಸುಟ್ಟ ರಬ್ಬರಿನ, ಒದ್ದೆ ಗೋಣಿಚೀಲದ ವಾಸನೆ. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಮೊಳೆಗೆ ನೇತುಹಾಕಿದ್ದ ಬ್ಯಾಟರಿ ದೀಪದ ಕೆಳಗೆ ನಾವು ನಾಲ್ವರು ಕೂತಿದ್ದೆವು: ಗ್ಯಾರೇಜು ನಡೆಸುವ ಮೆಕ್ಯಾನಿಕ್, ಅವನ ತಾಯಿ, ತಾಯಿಯ ಅಣ್ಣನಾದ ಒಬ್ಬರು ಮುದುಕರು ಮತ್ತು ನಾನು. ನನ್ನ ಸ್ನೇಹಿತ ಅಲ್ಲಿರಲಿಲ್ಲ.

ಅವನೂ ನಾನೂ ಒಂದೇ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವರು. ನಾನು ಕರಡು ತಿದ್ದುವವನು, ಅವನು ಮೆಷಿನ್ ಓಡಿಸುವವನು. ಹಳೆಯ ಕಾರೊಂದನ್ನು ಕೊಂಡು, ಅದಕ್ಕೆ ಬಣ್ಣ ಹೊಡೆಸಿ, ಎಲ್ಲಿಗಾದರೂ ಹೋಗೋಣ ನಡಿ ಎಂದು ನನ್ನನ್ನು ಹೊರಡಿಸಿದ್ದ. ಕೆಳಗಿನ ದೊಡ್ಡ ತಿರುವಿನಲ್ಲಿ ಇಂಜಿನ್ ಕಾದು ಕಾರು ನಿಂತುಬಿಟ್ಟಿತು. ಹ್ಯಾಂಡ್ ಬ್ರೇಕ್ ಹಿಡಿಯಲಿಲ್ಲ. ಕಾರು ಹಿಂದಕ್ಕೆ ಜಾರತೊಡಗಿತು. ಅಷ್ಟರಲ್ಲಿ ಯಾರೋ ದಾರಿಹೋಕ ಹಿಂದಿನಿಂದ ಕೈ ಆನಿಸಿ ಹಿಡಿದ, ಚಕ್ರಕ್ಕೆ ಕಲ್ಲು ಕೊಟ್ಟ. ಕನ್ನಡಿಯಲ್ಲಿ ನನಗೆ ಅವನ ಒದ್ದೆ ಬೆನ್ನಷ್ಟೇ ಕಂಡಿತು. ಸ್ನೇಹಿತ ರೇಡಿಯೇಟರಿಗೆ ನೀರು ತುಂಬಿದ. ಇಂಜಿನ್ ಹತ್ತಿಕೊಂಡಿದ್ದೇ ತಡ, ಮತ್ತೆ ನಿಲ್ಲಿಸದೆ ಹೊರಟುಬಿಟ್ಟೆವು. ಹಿಂದಿನಿಂದ ಆತ ಏನೋ ಕೂಗಿದ. ಸ್ನೇಹಿತ ಕಿಟಕಿಯಿಂದ ಕೈ ಬೀಸಿದ.

ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿದ ಮೇಲೆ ರೇಡಿಯೇಟರಿನ ಮುಚ್ಚಳವೇ ಇಲ್ಲದ್ದು ಗೊತ್ತಾಯಿತು. ನೀರು ಹುಯ್ಯುವಾಗ ಅದನ್ನು ರಸ್ತೆಯಂಚಿನ ಕಟ್ಟೆಯ ಮೇಲಿಟ್ಟು ಮರೆತಿದ್ದೆವು. ಇದಕ್ಕೆ ಹೊಂದುವಂಥದ್ದು ತನ್ನ ಬಳಿ ಇಲ್ಲ ಎಂದ ಮೆಕ್ಯಾನಿಕ್ ತನ್ನ ಸ್ಕೂಟರಿನ ಬೀಗದಕೈ ಕೊಟ್ಟು, ಹೋಗಿ ಅದನ್ನೇ ತನ್ನಿ, ಎರಡೇ ಕಿಲೋಮೀಟರು, ಹತ್ತು ನಿಮಿಷದಲ್ಲಿ ಬರಬಹುದು ಎಂದ. ಸ್ನೇಹಿತ ಹೊರಡುವ ಮೊದಲು ಕಾರಿನ ಡಿಕ್ಕಿಯ ಮೇಲಿದ್ದ ಏನೋ ನೀಲಿ ಕಲೆಯನ್ನು ಕರ್ಚೀಫಿನಿಂದ ಉಜ್ಜಿ, ಬಣ್ಣ ಹೊಡೆಸಿ ತಿಂಗಳಾಗಿಲ್ಲ ಎಂದು ಗೊಣಗಿದ. ಕಲೆ ಹೋಗಲಿಲ್ಲ. ಅವನು ಸ್ಕೂಟರ್ ಹತ್ತುವಾಗ ಮುದುಕರು ಏನೋ ಹೇಳುವವರಂತೆ ಕೈ ಎತ್ತಿ, ಹಾಗೇ ಇಳಿಸಿದರು.

ಮೆಕ್ಯಾನಿಕ್‌ನ ತಾಯಿ ಎಲ್ಲರಿಗೂ ಚಹಾ ಕೊಟ್ಟು, ಒಲೆಯ ಪಕ್ಕದ ಕುರ್ಚಿಯ ಮೇಲೆ ಒಂದು ಟವೆಲ್ಲನ್ನೂ ಮಡಿಚಿದ ಬಿಳಿ ಅಂಗಿಯನ್ನೂ ಇಟ್ಟರು. ನೆನೆದು ಬರುವ ನನ್ನ ಸ್ನೇಹಿತನಿಗಾಗಿ ಎಂದುಕೊಂಡು ನನ್ನ ಮನಸ್ಸು ಕರಗಿತು. ಹಿಂದಿನ ಗೋಡೆಯ ಕಿಟಕಿಯಾಚೆ ಆಳೆತ್ತರಕ್ಕೆ ಕಲ್ಲುಗಳ ರಾಶಿ ಕಾಣುತ್ತಿತ್ತು. ಮಾತಿಗೆ ಮಾತು ಬರಲಿ ಎಂದು, ಇನ್ನೊಂದು ಕೋಣೆ ಕಟ್ಟಿಸುತ್ತಿದ್ದೀರಾ ಎಂದು ಕೇಳಿದೆ. ಮುದುಕರು ನಕ್ಕರು; ಆ ನಗುವಿನಲ್ಲಿ ಖುಷಿಯಿರಲಿಲ್ಲ. ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಶುರುಮಾಡಿದರು.

“ಕೋಣೆ ಕಟ್ಟೋಕಲ್ಲ ಸ್ವಾಮಿ. ಅದು ನನ್ನ ಮೂವತ್ತೆಂಟು ವರ್ಷದ ಸಂಪಾದನೆ. ದಿನಕ್ಕೊಂದು ಕಲ್ಲು... ಎಷ್ಟಾಯ್ತು ಅಂತ ನಾನು ಎಣಿಸೋಕೆ ಹೋಗಿಲ್ಲ, ನೀವೂ ಹೋಗ್ಬೇಡಿ. ಹೇಳ್ತೀನಿ ಕೇಳಿ, ಹೇಗೂ ಮಳೆ ಬಿಡೋ ಹಾಗೆ ಕಾಣಲ್ಲ. ನಡುವೆ ಮಾತ್ರ ಬಾಯಿ ಹಾಕಬಾರದು, ನಂಗೆ ತಾಳ ತಪ್ಪತ್ತೆ. ದೆವ್ವದ ಕತೆ ಅಂದ್ರೆ ಬಿಳಿ ಸೀರೆ, ಉದ್ದ ಕೂದಲು ಅಂತ ಕಾಯ್ತಾ ಕೂತ್ರೆ ಅದೂ ಇಲ್ಲ. ನನ್ನ ಕತೇಲಿರೋ ದೆವ್ವ ಬಹಳ ಒಳ್ಳೇದು. ಒಳ್ಳೇದಾಗಿದ್ದೇ ನಮ್ಮ ಗ್ರಹಚಾರ.

“ಆಗ ನಾನು ಬ್ರೆಡ್ಡಿನ ವ್ಯಾನು ಓಡಿಸ್ತಿದ್ದೆ. ಬೇಕರಿ ಇದ್ದದ್ದು ಕೆಳಗಿನ ಪಟ್ಟಣದಲ್ಲಿ, ಅಂಗಡಿಗಳೆಲ್ಲ ಈ ಏರು ದಾಟಿ ಆ ಕಡೆ. ದಿನಾ ಇದೇ ದಾರಿ. ವ್ಯಾನಿಗೆ ಎರಡು ಕಾಯಿಲೆ. ಒಂದು, ಆ ದೊಡ್ಡ ತಿರುವಿಗೆ ಬಂದ್ರೆ ಸಾಕು, ಇಂಜಿನ್ ಕುದಿಯೋದು. ಇನ್ನೊಂದು, ಹ್ಯಾಂಡ್ ಬ್ರೇಕಿನ ಕೇಬಲ್ ತುಂಡಾಗಿತ್ತು. ಹಾಕಿಸ್ತೀನಿ, ಹಾಕಿಸ್ತೀನಿ ಅಂತ ನಾಲ್ಕು ತಿಂಗಳು ತಳ್ಳಿದೆ. ಯಾಕಂದ್ರೆ ಕಲ್ಲು ಇತ್ತಲ್ಲ! ಗಾಡಿ ನಿಂತ್ರೆ ಇಳಿಯೋದು, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡೋದು, ಇಂಜಿನ್ ಆರಿದ ಮೇಲೆ ನೀರು ಹುಯ್ದು ಹೊರಡೋದು. ಕಲ್ಲು? ಅದು ಅಲ್ಲೇ, ರಸ್ತೆ ನಡುವೆ. ಏರಿನಲ್ಲಿ ಹೊರಟ ಗಾಡೀನ ಮತ್ತೆ ನಿಲ್ಲಿಸಿ, ಇಳಿದು, ಕಲ್ಲು ತೆಗೆದು ಪಕ್ಕಕ್ಕೆ ಹಾಕೋರು ಯಾರು? ಕೆಳಗಿಳಿದ್ರೆ ಗಾಡಿ ಉರುಳತ್ತೆ. ನಾನೊಬ್ನೇ ಅಲ್ಲ ಸ್ವಾಮಿ, ಈ ದಾರೀಲಿ ಓಡಾಡೋ ಪ್ರತಿ ಡ್ರೈವರೂ ಹೀಗೇ ಮಾಡ್ತಿದ್ದ, ಈಗ್ಲೂ ಮಾಡ್ತಾನೆ. ಹಿಂದೆ ಬರೋನು ನೋಡ್ಕೊಂಡು ಬರ್ತಾನೆ ಬಿಡು ಅನ್ನೋದು. ನೋಡ್ದೆ ಬಂದ್ರೆ...?

“ನಂಗೊಬ್ಬ ಸ್ನೇಹಿತ ಇದ್ದ. ಟೈಲರ್. ಬೇಕರಿ ಎದುರಿಗೇ ಅವನ ಅಂಗಡಿ. ಮಹಾ ನಿಯತ್ತಿನ ಮನುಷ್ಯ, ಬುಧವಾರ ಕೊಡ್ತೀನಿ ಅಂದ ಬಟ್ಟೇನ ಬುಧವಾರವೇ ಕೊಡೋ ಟೈಲರನ್ನ ನೀವು ಎಲ್ಲಾದ್ರೂ ನೋಡಿದೀರಾ? ನಾನು ಅವನೊಬ್ಬನ್ನೇ ನೋಡಿದ್ದು. ಅದಕ್ಕೇ ನನ್ನ ತಂಗೀನ ಅವನಿಗೆ ಕೊಟ್ಟೆ. ಇಲ್ಲಿ ಕೂತಿದಾಳಲ್ಲ, ಇವಳೇ.”

ತಾಯಿ ತಲೆ ಎತ್ತಲಿಲ್ಲ. ಮುದುಕರು ಒಂದು ಗುಟುಕು ಚಹಾ ಕುಡಿದರು.

“ಇವಳ ಹೆರಿಗೆಗೆ ಅಂತ ನಮ್ಮಮ್ಮ ಒಂದು ವಾರ ಮೊದಲೇ ಇವಳನ್ನ ಮೇಲಿನ ಊರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ಲು. ಅವತ್ತು, ಇಂಥದೇ ಮಳೆ, ಮಧ್ಯಾಹ್ನ ಎರಡೂವರೆಗೆ ಬೇಕರಿಗೆ ಫೋನು ಬಂತು. ಮಗು ಆಗಿದೆ, ತಾಯಿಗೆ ರಕ್ತ ನಿಲ್ತಾ ಇಲ್ಲ, ಆರು ಗಂಟೆಯೊಳಗೆ ರಕ್ತ ಕೊಡಬೇಕು. ಇವಳದ್ದು ಎಲ್ಲೂ ಸಿಗದಿರೋ ಗುಂಪು. ಗಂಡ ಹೆಂಡ್ತಿ ಇಬ್ಬರದ್ದೂ ಅದೊಂದೇ ಗುಂಪು, ನೋಡಿ ವಿಚಿತ್ರ. ನನ್ನದು ಕೂಡಲ್ಲ, ನನ್ನ ರಕ್ತ ಸೊಳ್ಳೆಗಷ್ಟೇ ಲಾಯಕ್ಕು. ಟೈಲರ್ ಹೊಲಿಯೋದನ್ನ ಅರ್ಧಕ್ಕೇ ಬಿಟ್ಟು, ಬರಿಗಾಲಲ್ಲಿ ಓಡಿ ಬಂದು ವ್ಯಾನು ಹತ್ತಿದ. ಅಂದ್ರೆ, ಅವತ್ತು ನಾನು ಸಾಗಿಸ್ತಿದ್ದದ್ದು ಬ್ರೆಡ್ಡಲ್ಲ, ನನ್ನ ತಂಗಿ ಪ್ರಾಣ. ಪಕ್ಕದ ಸೀಟಲ್ಲಿ ಕೂತಿತ್ತು ಅದು, ಬಾಗಿಲ ಹಿಡಿ ಹಿಡ್ಕೊಂಡು, ‘ಭಾವ, ಇನ್ನೂ ಸ್ವಲ್ಪ ಜೋರಾಗಿ’ ಅಂತಾ.

“ತಿರುವಿಗೆ ಬಂದ್ವಿ. ಕುದೀತು. ನಿಂತಿತು. ನಾಲ್ಕೂಕಾಲು. ಕಲ್ಲು ಕೊಡು ಟೈಲರ್, ಅಂದೆ. ಅವನು ಇಳಿದು ಹುಡುಕ್ತಾನೆ, ಹುಡುಕ್ತಾನೆ, ಒಂದೂ ಇಲ್ಲ! ಮಳೆ ನೀರು ರಸ್ತೇನ ಗುಡಿಸಿ ಒರೆಸಿ ಇಟ್ಟಿದೆ. ನಾನು ಬ್ರೇಕ್ ಪೆಡಲ್ ಮೇಲೆ ನಿಂತೇ ಬಿಟ್ಟೆ ಅನ್ನಿ, ಕಾಲು ಥರಥರ ಅಂತಿದೆ. ಆಮೇಲೆ ಪೆಡಲ್ ಮೆತ್ತಗಾಯ್ತು... ಹಾಗೇ ನೆಲದವರೆಗೂ ಹೋಯ್ತು. ವ್ಯಾನು ಹಿಂದಕ್ಕೆ ಹೊರಟಿತು. ಹಿಂದೆ ಕಟ್ಟೆ, ಕಟ್ಟೆಯಾಚೆ ಏನೂ ಇಲ್ಲ. ನನಗೆ ನನ್ನ ಜೀವದ ಯೋಚನೆ ಬರ್ಲಿಲ್ಲ, ಸುಳ್ಳು ಹೇಳ್ತಿಲ್ಲ. ವ್ಯಾನು ಹೋದ್ರೆ ಇವಳೂ ಹೋದ್ಲು ಅಂತ ಒಂದೇ ಯೋಚನೆ, ಅಳು ಬಂದುಬಿಡ್ತು.

“ನಿಂತಿತು. ತಾನಾಗೇ, ಮೆತ್ತಗೆ. ಟೈಲರ್ ಕಿಟಕಿ ಹತ್ರ ಬಂದು, ‘ಭಾವ, ಹಿಂದೆ ಯಾರೋ ಹಿಡ್ಕೊಂಡಿದಾರೆ’ ಅಂದ. ಕನ್ನಡೀಲಿ ನೋಡ್ತೀನಿ, ಒಬ್ಬ ಮನುಷ್ಯ, ಬಾಗಿಲಿಗೆ ಎರಡೂ ಕೈ ಆನಿಸಿ ನಿಂತಿದಾನೆ. ಒಬ್ಬನೇ! ಒಂದು ವ್ಯಾನನ್ನ ಒಬ್ಬ ಹಿಡೀತಾನಾ ಅಂತ ಆಗ ಹೊಳೀಲಿಲ್ಲ, ಮುಳುಗೋನು ಹಲಗೆ ಯಾವ ಮರದ್ದು ಅಂತ ಕೇಳ್ತಾನಾ? ಸಣಕಲು ಆಳು. ಮೊಣಕೈವರೆಗೂ ಬಿಳಿ ಬಣ್ಣ. ಪೇಂಟರ್ ಇರಬೇಕು ಅಂದ್ಕೊಂಡೆ. ಸುರಿಯೋ ಮಳೇಲಿ ಆ ಬಣ್ಣ ಒಂದು ಹನಿ ಇಳೀತಿರ್ಲಿಲ್ಲ...”

ನಮಗೂ ಇವತ್ತು ಒಬ್ಬರು ಹಾಗೇ, ಎಂದು ನಾನು ಬಾಯಿ ತೆರೆದೆ. ಮುದುಕರು ಬೆರಳೆತ್ತಿ, ಮುಗೀಲಿ ಎಂದರು. ಗಡಿಯಾರ ನೋಡಿದೆ. ಸ್ನೇಹಿತ ಹೋಗಿ ಇಪ್ಪತ್ತು ನಿಮಿಷ ಕಳೆದಿತ್ತು. ರಸ್ತೆ ಒದ್ದೆ, ನಿಧಾನವಾಗಿ ಬರ್ತಾರೆ ಎಂದ ಮೆಕ್ಯಾನಿಕ್, ನನ್ನ ಮುಖ ನೋಡದೆ.

“ಅವನೇ ಕಾಲಲ್ಲಿ ತಳ್ಳಿ ಚಕ್ರಕ್ಕೆ ಕಲ್ಲು ಕೊಟ್ಟ. ಎಲ್ಲಿತ್ತೋ ಆ ಕಲ್ಲು! ಒಂದು ಮೂಲೆ ಒಡೆದು, ಮೇಲೆ ಕಪ್ಪಗೆ ಟಯರಿನ ಗುರುತು. ನಾನು ಇಳಿದು ನೋಡ್ತೀನಿ, ನನ್ನದೇ ಕಲ್ಲು. ಎಷ್ಟೋ ಸಲ ನಾನೇ ಇಟ್ಟು, ನಾನೇ ಬಿಟ್ಟು ಹೋದದ್ದು. ಗುರುತು ಹಿಡಿದೆ, ಆದ್ರೆ ಅದರ ಮೇಲೆ ಯೋಚನೆ ಮಾಡೋಕೆ ಪುರುಸೊತ್ತೆಲ್ಲಿ? ನೀರು ಹುಯ್ದೆ, ಬ್ರೇಕನ್ನ ಹತ್ತು ಸಲ ಒತ್ತಿ ಒತ್ತಿ ಅಷ್ಟಿಷ್ಟು ಜೀವ ಬರಿಸ್ದೆ. ಆ ಪೇಂಟರ್ ಟೈಲರ್ ಹತ್ರ ಒಂದೇ ಒಂದು ಮಾತಾಡಿದ. ‘ಹೋಗೋವಾಗ ಕಲ್ಲು ತೆಗೆದು ಹೋಗಿ. ಇಡೋದು ನನ್ನ ಕೈಲಾಗತ್ತೆ, ತೆಗೆಯೋದು ಆಗಲ್ಲ.’ ಟೈಲರ್ ಅವನ ಎರಡೂ ಕೈ ಹಿಡ್ಕೊಂಡು, ಖಂಡಿತ ತೆಗೀತೀನಿ ಅಂದ. ಮಾತು ಕೊಟ್ಟ. ಯಾರು? ಬುಧವಾರ ಅಂದ್ರೆ ಬುಧವಾರವೇ ಕೊಡೋನು!

“ಇಂಜಿನ್ ಹತ್ತಿಕೊಳ್ತು. ಟೈಲರ್ ಇಳಿಯೋಕೆ ಬಾಗಿಲು ತೆಗೆದ. ನಾನು ಅವನ ಅಂಗಿ ಹಿಡ್ಕೊಂಡೆ. ‘ಕಲ್ಲು, ಭಾವ’ ಅಂದ. ನಾನಂದೆ, ‘ಇಲ್ಲಿ ನಿಂತ್ರೆ ಮತ್ತೆ ಏಳಲ್ಲ ಇದು. ನಿಂಗೆ ಕಲ್ಲು ಬೇಕಾ, ಹೆಂಡ್ತಿ ಬೇಕಾ?’ ಅಂದುಬಿಟ್ಟೆ. ಹೌದು, ಇದೇ ಬಾಯಿಂದ ಅಂದೆ. ಅವನು ಬಾಗಿಲು ಹಾಕ್ಕೊಂಡ. ಇವತ್ತಿಗೂ ಕೇಳ್ಕೋತೀನಿ, ನಾನು ಮಾಡಿದ್ದು ತಪ್ಪಾ? ನೀವಾಗಿದ್ರೆ ಏನು ಮಾಡ್ತಿದ್ರಿ... ಬೇಡ ಬಿಡಿ, ಹೇಳ್ಬೇಡಿ.

“ಐದೂ ಐವತ್ತಕ್ಕೆ ಆಸ್ಪತ್ರೆ ಸೇರಿದ್ವಿ. ಟೈಲರನ್ನ ಮಲಗಿಸಿ ರಕ್ತ ತಗೊಂಡ್ರು. ರಾತ್ರಿ ಹೊತ್ತಿಗೆ ಇವಳು ಕಣ್ಣು ಬಿಟ್ಲು. ಮಗು ಗಟ್ಟಿಮುಟ್ಟಾಗಿತ್ತು, ಈಗ ಅಲ್ಲಿ ಸ್ಪ್ಯಾನರ್ ಹಿಡ್ಕೊಂಡು, ಕೇಳಿಸ್ಕೊಳ್ತಾ ಇಲ್ಲ ಅನ್ನೋ ಹಾಗೆ ಕೂತಿದೆಯಲ್ಲ, ಅದೇ ಮಗು. ಖುಷಿಗೆ ನಾನು ಬ್ರೆಡ್ಡಿನ ಟ್ರೇ ಎಲ್ಲ ವಾರ್ಡಿಗೆ ಹಂಚೋಣ ಅಂತ ವ್ಯಾನಿನ ಹತ್ರ ಹೋದ್ರೆ, ಹಿಂದಿನ ಬಾಗಿಲ ಮೇಲೆ ಎರಡು ಅಂಗೈ. ಬಿಳಿ ಬಣ್ಣದ್ದು. ಇನ್ನೂ ಹಸಿ. ಅಲ್ಲಿದ್ದ ಕಾವಲುಗಾರ ನೋಡಿ, ಇದೇ ಬಣ್ಣ ನಮ್ಮ ವಾರ್ಡಿಗೂ ಹೊಡೀತಿದ್ರು, ಅರ್ಧಕ್ಕೇ ನಿಂತುಹೋಯ್ತು ಅಂದ. ಒಳಗೆ ಬಂದು ನೋಡಿದ್ರೆ ನಿಜ, ಗೋಡೆ ಅರ್ಧ ಬಿಳಿ, ಅರ್ಧ ಹಳೇ ಕೊಳಕು. ಯಾಕೆ ನಿಂತಿತು ಅಂತ ಟೈಲರೇ ಕೇಳ್ದ. ಪೇಂಟರ್ ಸತ್ತೋದ, ಎರಡು ತಿಂಗಳಾಯ್ತು, ಕೆಲಸ ಮುಗಿಸಿ ಬೈಕಲ್ಲಿ ಇಳೀತಿದ್ದ, ಆ ದೊಡ್ಡ ತಿರುವಲ್ಲಿ ಯಾವನೋ ಪುಣ್ಯಾತ್ಮ ಕಲ್ಲು ಬಿಟ್ಟು ಹೋಗಿದ್ದ, ಅಂದ ಕಾವಲುಗಾರ.

“ಪುಣ್ಯಾತ್ಮ... ನನ್ನ ಮುಖಕ್ಕೆ ಹೊಡೆದ ಹಾಗಾಯ್ತು. ಟೈಲರ್ ನನ್ನ ನೋಡ್ದ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬೆಳಿಗ್ಗೆ ಇಬ್ಬರೂ ಹೋಗಿ ತೆಗೆಯೋಣ ಅಂದೆ, ಹೂಂ ಅಂದ. ನಾನು ಬೆಂಚಿನ ಮೇಲೆ ಒರಗಿದವನು ಹಾಗೇ ನಿದ್ದೆ ಹೋದೆ. ಬೆಳಕು ಹರಿಯೋ ಹೊತ್ತಿಗೆ ಅವನು ಕಾಂಪೌಂಡರ್ ಸ್ಕೂಟರ್ ಕೇಳಿ ಇಸ್ಕೊಂಡು, ಒಬ್ಬನೇ ಹೋಗಿದ್ದ. ನನ್ನನ್ನ ಎಬ್ಬಿಸ್ಲಿಲ್ಲ. ಸುಸ್ತಾಗಿದಾನೆ, ಮಲಗಲಿ ಅಂದನಂತೆ. ಅಂಥ ಮನುಷ್ಯ.

“ಕಲ್ಲು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು, ಅಲ್ವಾ? ನೋಡ್ಕೊಂಡು ಹೋಗ್ತಾನೆ, ಅಲ್ವಾ? ಇಲ್ಲೇ ಇರೋದು ಸ್ವಾಮಿ. ಆ ಕಲ್ಲು ಬಿಟ್ಟ ಜಾಗದಲ್ಲಿ ಇರಲ್ಲ. ನೀರಿಗೆ ಉರುಳಿದ್ರೆ ಕೆಳಕ್ಕೆ ಉರುಳಬೇಕು ತಾನೇ? ಅದು ಮೇಲಕ್ಕೆ ಬಂದಿತ್ತು. ತಿರುವಿಗಿಂತ ಇನ್ನೂರು ಗಜ ಮೇಲೆ, ಅವನು ಇನ್ನೂ ಕಲ್ಲಿಗೆ ಅಂತ ಕಣ್ಣಿಡದ ಜಾಗದಲ್ಲಿ, ರಸ್ತೆ ನಟ್ಟ ನಡುವೆ. ನಾವು ಹೋಗಿ ನೋಡೋವಾಗ ಎಲ್ಲ ಮುಗಿದಿತ್ತು. ಕಟ್ಟೆಗೆ ಒರಗಿ, ನಿದ್ದೆ ಮಾಡೋ ಹಾಗೆ ಕೂತಿದ್ದ. ರಕ್ತ ಕೊಟ್ಟ ತೋಳಿಗೆ ಹಚ್ಚಿದ್ದ ಹತ್ತಿ ಕೂಡ ಇನ್ನೂ ಬಿದ್ದಿರ್ಲಿಲ್ಲ...”

ಮಳೆ ತಗಡಿನ ಮೇಲೆ ಇನ್ನಷ್ಟು ಬಲವಾಯಿತು. ನಾನು ಎದ್ದು ರಸ್ತೆಗೆ ಕಿವಿಯಿಟ್ಟೆ. ಸ್ಕೂಟರಿನ ಸದ್ದಿರಲಿಲ್ಲ.

“ಹದಿನೈದು ದಿನ ಆದ್ಮೇಲೆ ಮತ್ತೆ ವ್ಯಾನು ತಂದೆ. ಹೊಸ ಕೇಬಲ್ ಹಾಕಿಸಿದ್ದೆ, ಇಂಜಿನ್ ಬಿಚ್ಚಿಸಿದ್ದೆ. ಏನು ಮಾಡಿಸಿದ್ರೇನು, ಅದೇ ತಿರುವಲ್ಲಿ ನಿಂತಿತು, ಜಾರಿತು. ಹಿಂದಿನಿಂದ ಯಾರೋ ಹಿಡ್ಕೊಂಡ್ರು. ಪೇಂಟರ್ ಅಂದ್ಕೊಂಡೆ. ಕನ್ನಡೀಲಿ ಬೆನ್ನು ಕಾಣ್ತಿತ್ತು... ನನ್ನ ಮದುವೆಗೆ ಅಂತ ಅವನೇ ಹೊಲ್ಕೊಂಡಿದ್ದ ಅಂಗಿ ಸ್ವಾಮಿ, ಆ ಬೆನ್ನು ನನಗೆ ಗೊತ್ತಿಲ್ವಾ? ನಾನು ಟೈಲರ್, ಟೈಲರ್ ಅಂತ ಕರೀತಾನೇ ಇದ್ದೆ. ತಿರುಗಲಿಲ್ಲ. ‘ಭಾವ, ಕಲ್ಲು ತೆಗೆದು ಹೋಗು’ ಅಂದ, ಅಷ್ಟೇ. ಪೇಂಟರನ್ನ ಅವತ್ತಿನಿಂದ ಯಾರೂ ನೋಡಿಲ್ಲ. ಅವನ ಸರದಿ ಮುಗೀತು. ಆ ಕಲ್ಲಿಗೆ ಸತ್ತೋನು, ಇನ್ನೊಬ್ಬ ಅದೇ ಕಲ್ಲಿಗೆ ಸಾಯೋವರೆಗೂ ಅಲ್ಲಿ ನಿಂತು, ಬಂದ ಬಂದ ಗಾಡಿ ಹಿಡೀಬೇಕು. ಅದು ಅಲ್ಲಿನ ಕಟ್ಟಳೆ.

“ಡ್ರೈವರ್ ಕೆಲಸ ಬಿಟ್ಟೆ. ಈ ಶೆಡ್ ಹಾಕಿ, ಇವರಿಬ್ಬರನ್ನ ಇಲ್ಲಿಗೆ ಕರ್ಕೊಂಡು ಬಂದೆ. ದಿನಾ ಮಧ್ಯಾಹ್ನ ನಡ್ಕೊಂಡು ಕೆಳಗಿಳಿದು, ರಸ್ತೇಲಿ ಕಲ್ಲು ಇದ್ದರೆ ಹೊತ್ತು ತರ್ತೀನಿ. ಯಾವತ್ತೂ ಇರತ್ತೆ. ಮೂಲೆ ಒಡೆದದ್ದು, ಟಯರ್ ಗುರುತಿಂದು... ಅದನ್ನೇ ತಂದು ಆ ರಾಶಿಗೆ ಹಾಕ್ತೀನಿ, ರಾಶೀಲಿ ಒಂದೂ ಕಮ್ಮಿಯಾಗಿರಲ್ಲ, ಆದ್ರೂ ಮಾರನೇ ದಿನ ಅದೇ ಅಲ್ಲಿ. ಇದರಿಂದ ಮೂವತ್ತೆಂಟು ವರ್ಷ ಒಬ್ಬರೂ ಸಾಯ್ಲಿಲ್ಲ. ಪುಣ್ಯದ ಕೆಲಸ ಅಂತೀರಾ? ನೋಡಿ ನನ್ನ ಹಣೆಬರಹ. ನಾನು ಒಂದೊಂದು ಕಲ್ಲು ತೆಗೆದಾಗ್ಲೂ ಅವನನ್ನ ಇನ್ನೊಂದು ದಿನ ಅಲ್ಲೇ ಮಳೇಲಿ ನಿಲ್ಲಿಸ್ತೀನಿ. ತೆಗೆದ್ರೆ ಅವನಿಗೆ ಬಿಡುಗಡೆ ಇಲ್ಲ. ಬಿಟ್ರೆ, ಯಾರ ಮನೆ ಮಗನೋ... ಎಷ್ಟು ವರ್ಷ ತಡೀಲಿ ಹೇಳಿ. ಮೊನ್ನೆ ಇವಳು ಕೇಳಿದ್ಲು, ಮೊದಲನೇ ಸಲ, ಬಾಯಿಬಿಟ್ಟು...”

ಮುದುಕರು ಲೋಟ ಕೆಳಗಿಟ್ಟರು. ಮಾತು ಮುಂದುವರಿಸಿದ್ದು ತಾಯಿ. ಅವರ ಕಣ್ಣು ಕುರ್ಚಿಯ ಮೇಲಿನ ಅಂಗಿಯಲ್ಲಿತ್ತು.

“ನಂಗೆ ಅರವತ್ತಾಯ್ತು ಅಣ್ಣ, ಅವರಿನ್ನೂ ಮೂವತ್ತರಲ್ಲೇ ನೆನೀತಾ ನಿಂತಿದಾರೆ, ಸಾಕು ಮಾಡು ಅಂದೆ,” ಎಂದರು.

“ಹೂಂ. ಅಂದ್ಲು,” ಎಂದರು ಮುದುಕರು. “ಇವತ್ತು ನನ್ನ ಮಂಡಿ ನೋಯ್ತಿತ್ತು. ಮಳೆ ಬೇರೆ. ಹೋಗಲಿಲ್ಲ.”

ನನಗೆ ಡಿಕ್ಕಿಯ ಮೇಲಿನ ಕಲೆ ನೆನಪಾಯಿತು. ನಾನು ಕೇಳಿದೆ, ಅವರಿಗೆ, ಆ ಟೈಲರಿಗೆ, ಕೈಯಲ್ಲಿ ಪೇಂಟರಿಗಿದ್ದ ಹಾಗೆ ಏನಾದರೂ ಇತ್ತೇ ಎಂದು.

“ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ,” ಎಂದರು ಮುದುಕರು. “ಬೆರಳ ತುದಿಗೆ ಯಾವಾಗ್ಲೂ ಮೆತ್ತಿರೋದು. ನೀಲಿ.”

ಮಳೆಯಲ್ಲೇ ಓಡಿ ಕಾರಿನ ಹಿಂದೆ ಹೋದೆ. ಡಿಕ್ಕಿಯ ಅಂಚಿನಲ್ಲಿ ಈ ಕಡೆ ನಾಲ್ಕು, ಆ ಕಡೆ ನಾಲ್ಕು ಬೆರಳುಗಳ ನೀಲಿ ಗುರುತು. ನೀರು ಅವುಗಳ ಮೇಲೆಯೇ ಹರಿಯುತ್ತಿತ್ತು. ಒಂದೂ ಅಳಿಸಿರಲಿಲ್ಲ. ತಿರುಗಿ ಒಳಗೆ ಬಂದಾಗ ನನ್ನ ಕಣ್ಣು ಮೆಕ್ಯಾನಿಕ್‌ನ ತಲೆಯ ಮೇಲಿನ ತಂತಿಗೆ ಹೋಯಿತು. ಅದರಲ್ಲಿ ಹತ್ತಾರು ರೇಡಿಯೇಟರ್ ಮುಚ್ಚಳಗಳನ್ನು ಪೋಣಿಸಲಾಗಿತ್ತು. ಅವನು ಒಂದನ್ನೂ ನಮ್ಮ ಕಾರಿಗೆ ಹಾಕಿ ನೋಡಿರಲಿಲ್ಲ. ನಾನು ಅವನ ಕೊರಳಪಟ್ಟಿ ಹಿಡಿದು, ಯಾಕೆ ಕಳಿಸಿದೆ, ಯಾಕೆ ಎಂದು ಕೇಳಿದೆ. ಅವನು ಬಿಡಿಸಿಕೊಳ್ಳಲಿಲ್ಲ.

“ನಾನು ನಮ್ಮಪ್ಪನ ಮುಖ ನೋಡಿಲ್ಲ ಸಾರ್,” ಎಂದ. “ಬೆನ್ನಷ್ಟೇ ನೋಡಿರೋದು.”

ಕೆಳಗೆಲ್ಲೋ ದೂರದಲ್ಲಿ ಲೋಹ ರಸ್ತೆಗೆ ಉಜ್ಜಿದಂತೆ ಒಂದು ಸದ್ದು ಬಂತೋ, ಅದು ಗುಡುಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಮೂವರೂ ಒಟ್ಟಿಗೆ ತಲೆ ಎತ್ತಿದರು. ತಾಯಿ ಎದ್ದು ಟವೆಲ್ಲನ್ನು ಒಲೆಯ ಶಾಖಕ್ಕೆ ಹಿಡಿದರು. ಅಂಗಿಯ ಮಡಿಕೆ ಬಿಡಿಸಿ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಅದು ನನ್ನ ಸ್ನೇಹಿತನಿಗಾಗಿ ಇಟ್ಟದ್ದಲ್ಲ. ನಾನು ಮೊಳೆಯಿಂದ ದೀಪ ಕಿತ್ತುಕೊಂಡು ರಸ್ತೆಗೆ ಇಳಿದೆ. ಹಿಂದಿನಿಂದ ಮುದುಕರು ಕರೆದರು. ಅವರು ಅಳುತ್ತಿದ್ದರು.

“ಸ್ವಾಮಿ, ತಪ್ಪು ತಿಳೀಬೇಡಿ. ನಿಮ್ಮ ಸ್ನೇಹಿತರದ್ದು ಏನು ಕೆಲಸ ಅಂದ್ರಿ?”

ಓಡುತ್ತಲೇ, ಪ್ರೆಸ್ಸಿನಲ್ಲಿ, ಮೆಷಿನ್ ಮೇಲೆ ಎಂದೆ. ಯಾಕೆ ಹೇಳಿದೆನೋ.

“ಮಸಿ,” ಎಂದರು ಮುದುಕರು. “ಹಾಗಾದ್ರೆ ಇನ್ಮೇಲೆ ಕಪ್ಪು.”